ಮೂಗು ಸರಿಯಿಲ್ಲ ಅಂತ ನಮಗೆ ಮೊದಲು ಹೇಳಿದ್ದು ಯಾರು?

ಯಾರೂ ಒಂದು ದಿನ ಬೆಳಿಗ್ಗೆ ಎದ್ದು 'ನನಗೆ ಮೂಗಿನ ಆಪರೇಷನ್ ಬೇಕು' ಅಂತ ತೀರ್ಮಾನ ಮಾಡುವುದಿಲ್ಲ. ಅಲ್ಲಿಗೆ ಬರಲು ತಿಂಗಳುಗಳು ಹಿಡಿಯುತ್ತವೆ, ಕೆಲವರಿಗೆ ವರ್ಷಗಳೇ ಬೇಕು. ಆದರೆ ಕೇಳಿ ನೋಡಿ, ಎಲ್ಲರೂ ಒಂದೇ ಮಾತು ಹೇಳುತ್ತಾರೆ: "ಯಾರೂ ಹೇಳಿಲ್ಲ, ನನಗೇ ಅನಿಸಿತು." ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಅವರಿಗೆ ನಿಜವಾಗಿಯೂ ಹಾಗೇ ಅನಿಸಿರುತ್ತದೆ. ಈ 'ನನಗೇ ಅನಿಸಿತು' ಎಲ್ಲಿಂದ ಬರುತ್ತದೆ, ಅದರಲ್ಲಿ ಫೋನು, ಟಿವಿ, ರೀಲ್ಸ್, ಜಾಹೀರಾತುಗಳ ಪಾಲು ಎಷ್ಟು ಅನ್ನುವುದನ್ನೇ ಇಲ್ಲಿ ಬಿಡಿಸಿ ಹೇಳಲು ಹೊರಟಿದ್ದೇನೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಇದು ಈಗ ದೂರದ ವಿಷಯವಲ್ಲ. ಕೂದಲು ನಾಟಿ, ಫಿಲ್ಲರ್ (ಕೆನ್ನೆ, ತುಟಿ ತುಂಬಿಕೊಳ್ಳಲು ಚುಚ್ಚುವ ಜೆಲ್), ಬೊಟಾಕ್ಸ್ (ಸುಕ್ಕು ಕಾಣದಂತೆ ಮಾಡುವ ಇಂಜೆಕ್ಷನ್), ಹೊಟ್ಟೆಯ ಕೊಬ್ಬು ತೆಗೆಸುವುದು, ಇವೆಲ್ಲ ಮದುವೆ ಮನೆಯ ಮಾತುಕತೆಯಲ್ಲೇ ಕಿವಿಗೆ ಬೀಳುತ್ತವೆ. ಇಲ್ಲಿ ಆಗದಿದ್ದರೆ ಹುಬ್ಬಳ್ಳಿ, ಪುಣೆ, ಬೆಂಗಳೂರು ಇದ್ದೇ ಇವೆ.

ನನ್ನ ಪ್ರಕಾರ ಮಾಧ್ಯಮ ಯಾರಿಗೂ ನೇರವಾಗಿ ಆಪರೇಷನ್ ಮಾರುವುದಿಲ್ಲ. ಅದು ಮೊದಲು ಒಂದು ಕೊರತೆ ತೋರಿಸುತ್ತದೆ. ಆಮೇಲೆ ಆ ಕೊರತೆಗೆ ಒಂದು ಹೆಸರು ಕೊಡುತ್ತದೆ. ಕೊನೆಗೆ ಅದರ ಪರಿಹಾರ ತೀರಾ ಮಾಮೂಲು ಅನ್ನುವಷ್ಟು ಸಲ ಕಣ್ಣ ಮುಂದೆ ತರುತ್ತದೆ. ಈ ಮೂರೂ ಆದ ಮೇಲೆ ತೀರ್ಮಾನ ನಮ್ಮದೇ ಅನಿಸುವುದರಲ್ಲಿ ಆಶ್ಚರ್ಯ ಇಲ್ಲ, ಅಲ್ವಾ?

ಮೊದಲು ಹೋಲಿಕೆಯ ವಿಷಯ. ಲಿಯಾನ್ ಫೆಸ್ಟಿಂಗರ್ ಅನ್ನುವ ಅಮೆರಿಕದ ಮನಃಶಾಸ್ತ್ರಜ್ಞ 1954ರಲ್ಲಿ ಒಂದು ಸರಳ ಮಾತು ಹೇಳಿದ. ಅಳೆಯಲು ಬೇರೆ ಅಳತೆಗೋಲು ಇಲ್ಲದ ಕಡೆ ಮನುಷ್ಯ ತನ್ನನ್ನು ಸುತ್ತಲಿನವರ ಜೊತೆ ಹೋಲಿಸಿಕೊಂಡು ಅಳೆಯುತ್ತಾನೆ ಅಂತ. ಅಂದಕ್ಕೆ ತಕ್ಕಡಿ ಇಲ್ಲವಲ್ಲ, ಹಾಗಾಗಿ ಅಲ್ಲಿ ಈ ಹೋಲಿಕೆ ಇನ್ನೂ ಜೋರು. ಮೊದಲು ಹೋಲಿಕೆಗೆ ಸಿಗುತ್ತಿದ್ದವರು ಯಾರು? ಅಕ್ಕತಂಗಿ, ಓಣಿಯ ಗೆಳತಿಯರು, ಕ್ಲಾಸಿನ ಹುಡುಗರು. ಸಂಕ್ರಾಂತಿ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಸುಮ್ನೆ ನಿಂತು ಮುಖಗಳನ್ನು ನೋಡಿ. ಮೊಂಡು ಮೂಗು, ಗಿಣಿ ಮೂಗು, ಉಬ್ಬು ಹಲ್ಲು, ಬೋಳು ತಲೆ, ಬಿಸಿಲಿಗೆ ಕಪ್ಪಾದ ಕೆನ್ನೆ, ಎಲ್ಲವೂ ಇರುತ್ತವೆ. ಆ ಗುಂಪಿನಲ್ಲಿ ನಿಮ್ಮ ಮೂಗು ಎದ್ದು ಕಾಣುವುದಿಲ್ಲ. ಈಗ ಫೋನು ತೆರೆಯಿರಿ. ಅರ್ಧ ಗಂಟೆಯಲ್ಲಿ ನೂರಾರು ಮುಖಗಳು ಹಾದು ಹೋಗುತ್ತವೆ. ಅವುಗಳಲ್ಲಿ ಹೆಚ್ಚಿನವು ಆಯ್ದು ತೆಗೆದವು, ಬೆಳಕು ನೋಡಿ ತೆಗೆದವು, ಫಿಲ್ಟರ್ ಹಾಕಿದವು. ಹೋಲಿಸುವ ಸ್ವಭಾವ ಹಳೆಯದೇ, ಎದುರಿಗಿರುವ ಗುಂಪು ಮಾತ್ರ ಬದಲಾಗಿದೆ. ಆ ಗುಂಪಿನಲ್ಲಿ ಸಾಮಾನ್ಯ ಮುಖವೇ ಅಪರೂಪ.

ಇಷ್ಟು ಬೇಗ ಹೀಗೆಲ್ಲ ಆಗಲು ಸಾಧ್ಯವೇ ಅಂತ ಕೇಳುವವರಿಗೆ ಫಿಜಿ ದ್ವೀಪದ ಕಥೆ ಹೇಳಬೇಕು. ಆ ದೇಶದ ನಡ್ರೋಗ ಅನ್ನುವ ಪ್ರದೇಶಕ್ಕೆ ಟಿವಿ ಬಂದದ್ದು 1995ರಲ್ಲಿ. ಅಲ್ಲಿಯವರೆಗೆ ಅಲ್ಲಿ ಮೈಕೈ ತುಂಬಿಕೊಂಡಿರುವುದೇ ಚೆಂದ. ಯಾರಾದರೂ ಸೊರಗಿದರೆ ಮನೆಯವರಿಗೆ ಚಿಂತೆ ಆಗುತ್ತಿತ್ತು, ನಮ್ಮ ಕಡೆ ಅಜ್ಜಿಯಂದಿರು "ಯಾಕವ್ವಾ ಇಷ್ಟು ಸೊರಗಿದಿ, ಉಣ್ಣಾಕ ಹಾಕೂದಿಲ್ಲೇನು" ಅಂತ ಕೇಳುತ್ತಾರಲ್ಲ, ಹಾಗೇ. ಆನ್ ಬೆಕರ್ ಅನ್ನುವ ಹಾರ್ವರ್ಡ್‌ನ ವೈದ್ಯೆ ಟಿವಿ ಬಂದ ಕೆಲವೇ ವಾರಗಳಲ್ಲಿ ಒಮ್ಮೆ, ಮತ್ತೆ 1998ರಲ್ಲಿ ಇನ್ನೊಮ್ಮೆ ಅಲ್ಲಿನ ಶಾಲಾ ಹುಡುಗಿಯರಿಗೆ ಒಂದೇ ಪ್ರಶ್ನೆಪತ್ರಿಕೆ ಕೊಟ್ಟರು. ಊಟದ ಬಗ್ಗೆ ಅನಾರೋಗ್ಯಕರ ಮನೋಭಾವ ತೋರಿಸುವ ಹುಡುಗಿಯರ ಪ್ರಮಾಣ 12.7%ನಿಂದ 29.2%ಗೆ ಏರಿತ್ತು. ತೂಕ ಇಳಿಸಲು ಬೇಕಂತಲೇ ವಾಂತಿ ಮಾಡಿಕೊಳ್ಳುವವರು 1995ರಲ್ಲಿ ಒಬ್ಬರೂ ಇರಲಿಲ್ಲ. ಮೂರು ವರ್ಷದಲ್ಲಿ 11.3% ಆಗಿದ್ದರು. 2002ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು, ಎರಡೂ ಸಲ ಸಿಕ್ಕ ಹುಡುಗಿಯರು ಬೇರೆ ಬೇರೆ, ಟಿವಿ ಒಂದೇ ಕಾರಣ ಅಂತ ಅದರಿಂದ ಸಾಬೀತಾಗುವುದಿಲ್ಲ. ಆದರೆ ತಲೆತಲಾಂತರದಿಂದ ಬಂದ ಚೆಂದದ ಕಲ್ಪನೆ ಮೂರೇ ವರ್ಷದಲ್ಲಿ ಅಲುಗಾಡಬಹುದು ಅಂತ ಅದು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಅದೂ ಬರೀ ಟಿವಿಯ ಕಾಲದಲ್ಲಿ. ಅಲ್ಲಿನ ಹುಡುಗಿಯರು ಧಾರಾವಾಹಿಯ ಪಾತ್ರಗಳನ್ನು ನೋಡುತ್ತಿದ್ದರು, ತಮ್ಮನ್ನಲ್ಲ.

ಫೋನು ಬಂದ ಮೇಲೆ ಆದ ದೊಡ್ಡ ಬದಲಾವಣೆ ಅದೇ. ಈಗ ಪರದೆಯ ಮೇಲೆ ನಾವೇ ಇದ್ದೇವೆ. ಅಲ್ಲಿ ಕಾಣುವ ನಮ್ಮ ಮುಖ ನಮ್ಮದೂ ಅಲ್ಲ. ಇದನ್ನು ಈಗಲೇ ಪರೀಕ್ಷೆ ಮಾಡಿ ನೋಡಬಹುದು. ಫೋನನ್ನು ಮುಖದಿಂದ ಒಂದು ಅಡಿ ದೂರ ಹಿಡಿದು ಒಂದು ಸೆಲ್ಫಿ ತೆಗೆಯಿರಿ. ಆಮೇಲೆ ಅದನ್ನು ಕಿಟಕಿಯ ಮೇಲೋ ಕಪಾಟಿನ ಮೇಲೋ ನಿಲ್ಲಿಸಿ, ಐದು ಅಡಿ ದೂರ ಹೋಗಿ, ಟೈಮರ್ ಹಾಕಿ ಇನ್ನೊಂದು ತೆಗೆಯಿರಿ. ಎರಡನ್ನೂ ಮುಖ ಒಂದೇ ಅಳತೆಗೆ ಬರುವಂತೆ ಕತ್ತರಿಸಿ ಪಕ್ಕಪಕ್ಕ ಇಟ್ಟು ನೋಡಿ. ಮೊದಲ ಫೋಟೋದಲ್ಲಿ ಮೂಗು ದಪ್ಪ, ಕಿವಿ ಹಿಂದಕ್ಕೆ ಸರಿದಂತೆ, ಮುಖ ಸೋರೆಕಾಯಿಯಂತೆ ಉದ್ದ. ಎರಡನೆಯದರಲ್ಲಿ ಮೂಗು ತನ್ನ ಅಳತೆಗೆ ಬಂದಿರುತ್ತದೆ. ಮೂಗಿನ ತುದಿಗೂ ಕಿವಿಗೂ ಸುಮಾರು ಹತ್ತು ಹನ್ನೆರಡು ಸೆಂಟಿಮೀಟರ್ ಅಂತರ ಇರುತ್ತದೆ. ಕ್ಯಾಮೆರಾ 30 ಸೆಂಟಿಮೀಟರ್ ದೂರದಲ್ಲಿದ್ದಾಗ ಆ ಅಂತರ ದೊಡ್ಡ ವ್ಯತ್ಯಾಸ ಮಾಡುತ್ತದೆ, ಹತ್ತಿರ ಇರುವ ಮೂಗು ಹಿಗ್ಗಿ ಕಾಣುತ್ತದೆ. ಒಂದೂವರೆ ಮೀಟರ್ ದೂರದಿಂದ ಅದು ಲೆಕ್ಕಕ್ಕೇ ಬರುವುದಿಲ್ಲ.

2018ರಲ್ಲಿ ಅಮೆರಿಕದ ಬೋರಿಸ್ ಪಾಸ್ಕೋವರ್ ಅನ್ನುವ ಶಸ್ತ್ರವೈದ್ಯ ಮತ್ತು ಜೊತೆಗಾರರು ಇದನ್ನು ಲೆಕ್ಕ ಹಾಕಿ ತೋರಿಸಿದರು. ಐದು ಅಡಿ ದೂರದ ಫೋಟೋಗೆ ಹೋಲಿಸಿದರೆ 12 ಇಂಚು ದೂರದ ಸೆಲ್ಫಿಯಲ್ಲಿ ಮೂಗಿನ ಬುಡ ಸುಮಾರು 30% ಹೆಚ್ಚು ಅಗಲ ಕಾಣುತ್ತದೆ. ಸೆಲ್ಫಿ ತೋರಿಸಿ 'ಮೂಗು ದೊಡ್ಡದಾಗಿದೆ ಡಾಕ್ಟ್ರೇ' ಅನ್ನುವವರು ಜಾಸ್ತಿ ಆದದ್ದರಿಂದಲೇ ಅವರು ಈ ಲೆಕ್ಕಕ್ಕೆ ಕೈ ಹಾಕಿದ್ದು. ಅಂದರೆ ಲೆನ್ಸಿನ ದೂರ ಮಾಡಿದ ತಪ್ಪಿಗೆ ಮನುಷ್ಯರು ತಮ್ಮ ಮೂಳೆ ಕತ್ತರಿಸಿಕೊಳ್ಳಲು ಬರುತ್ತಿದ್ದರು. ನನಗೆ ಈ ವಿಷಯದಲ್ಲಿ ಅತ್ಯಂತ ಸಂಕಟ ಆಗುವುದು ಇಲ್ಲೇ. ಇಲ್ಲದ ದೋಷಕ್ಕೆ ಇರುವ ಮೂಗನ್ನು ಒಪ್ಪಿಸುವುದು!

ಇನ್ನು ನಮ್ಮ ಊರಿನ ಕಡೆಯ ಮಾತು. ನಮ್ಮಲ್ಲಿ ಮುಖದ ಬಗ್ಗೆ ಮೊದಲ ತೀರ್ಪು ಬರುವುದು ಮದುವೆಯ ಬಯೋಡೇಟಾದಲ್ಲಿ. ಬೆಳಗಾವಿಯ ಯಾವುದೇ ಫೋಟೋ ಸ್ಟುಡಿಯೋದಲ್ಲಿ ಕೂತು ನೋಡಿ. ಹುಡುಗಿ ಇಳಕಲ್ ಸೀರೆ ಉಟ್ಟು ಬಂದು ಫೋಟೋ ತೆಗೆಸಿಕೊಂಡಿರುತ್ತಾಳೆ. ಫೋಟೋ ಕಂಪ್ಯೂಟರಿಗೆ ಬರುತ್ತದೆ. ಮೊದಲು ಮೊಡವೆಯ ಕಲೆಗಳು ಒಂದೊಂದೇ ಕ್ಲಿಕ್ಕಿಗೆ ಮಾಯ. ಆಮೇಲೆ ಬಣ್ಣ ಎರಡು ಹಂತ ತಿಳಿ. ಆಮೇಲೆ ದವಡೆಯ ಅಂಚಿಗೆ ಒಂದು ದುಂಡನೆಯ ಬ್ರಷ್ ಬರುತ್ತದೆ, ಅದನ್ನು ಒಳಗೆ ಸ್ವಲ್ಪ ತಳ್ಳಿದರೆ ಗಲ್ಲ ಸಣ್ಣಗಾಗುತ್ತದೆ, ಮೂಗಿನ ಎರಡೂ ಬದಿಗೆ ತಳ್ಳಿದರೆ ಮೂಗು ಚೂಪಾಗುತ್ತದೆ. ಐದು ನಿಮಿಷದ ಕೆಲಸ. ಹಿಂದೆ ನಿಂತ ತಾಯಿ "ಈಗ ಚಲೋ ಕಾಣತೈತಿ ನೋಡು" ಅನ್ನುತ್ತಾಳೆ. ಹುಡುಗಿಯೂ ನೋಡುತ್ತಾಳೆ. ಸ್ಟುಡಿಯೋದವರಿಗಾಗಲಿ ತಾಯಿಗಾಗಲಿ ಕೆಟ್ಟ ಉದ್ದೇಶ ಇಲ್ಲ. ಆದರೆ ಆ ಐದು ನಿಮಿಷದಲ್ಲಿ ಹುಡುಗಿಗೆ ತನ್ನ ಮುಖದಲ್ಲಿ ಏನೇನು ತೆಗೆಯಬೇಕಿತ್ತು ಅನ್ನುವ ಪಟ್ಟಿ ಸಿಕ್ಕಿಬಿಟ್ಟಿರುತ್ತದೆ. ಆ ಫೋಟೋ ವಾಟ್ಸಾಪ್ ಗ್ರೂಪಿನಲ್ಲಿ ಊರೂರು ಸುತ್ತುತ್ತದೆ. ಮುಂದೆ ಹುಡುಗನ ಕಡೆಯವರು ಮನೆಗೆ ಬಂದು ಹೋಗಿ, ಯಾರ ಮೂಲಕವೋ "ಹುಡುಗಿ ಚಲೋ ಅದಾಳ, ಫೋಟೋದಾಗ ಕಂಡಂಗ ಇಲ್ಲ" ಅಂತ ಹೇಳಿ ಕಳಿಸುತ್ತಾರೆ. ಆಗ ಅವಳಿಗೆ ಏನನಿಸಬೇಕು? ಫೋಟೋ ತಿದ್ದಿದ್ದು ತಪ್ಪು ಅಂತ ಯಾರಿಗೂ ಹೊಳೆಯುವುದಿಲ್ಲ. ಮುಖವನ್ನೇ ಫೋಟೋಗೆ ಹೊಂದಿಸಬೇಕು ಅನಿಸುತ್ತದೆ. ಹುಡುಗರ ಪಾಡೂ ಬೇರೆಯಲ್ಲ. ಇಪ್ಪತ್ತೆಂಟಕ್ಕೆ ಹಣೆ ಅಗಲ ಆಗಲು ಶುರುವಾದರೆ, 'ಹೆಣ್ಣು ನೋಡುವ ಮೊದಲೇ ಕೂದಲು ಹಾಕಿಸಿಕೊಂಡುಬಿಡು' ಅನ್ನುವ ಸಲಹೆ ಗೆಳೆಯರಿಂದಲೇ ಬರುತ್ತದೆ.

ಬಣ್ಣದ ಗೀಳಿಗೆ ನಮ್ಮಲ್ಲಿ ಇನ್ನೂ ಉದ್ದ ಇತಿಹಾಸ ಇದೆ. ಫೇರ್ ಅಂಡ್ ಲವ್ಲಿ ಕ್ರೀಮು 1975ರಲ್ಲೇ ಮಾರುಕಟ್ಟೆಗೆ ಬಂತು. ಕಪ್ಪಗಿದ್ದಾಗ ಕೆಲಸ ಇಲ್ಲ, ವರ ಇಲ್ಲ, ಬೆಳ್ಳಗಾದ ಮೇಲೆ ಎರಡೂ ಇದೆ, ಇಂಥ ಜಾಹೀರಾತುಗಳನ್ನು ನೋಡಿಯೇ ಒಂದೆರಡು ತಲೆಮಾರು ಬೆಳೆಯಿತು. 2020ರಲ್ಲಿ ಹೆಸರು ಗ್ಲೋ ಅಂಡ್ ಲವ್ಲಿ ಆಯಿತು. ಹೆಸರು ಬದಲಾದಷ್ಟು ಬೇಗ ಮನಸ್ಸು ಬದಲಾಗುವುದಿಲ್ಲ. ಇವತ್ತು ಬೆಳ್ಳಗಾಗಲು ಗ್ಲುಟಾಥಯೋನ್ ಅನ್ನುವ ರಾಸಾಯನಿಕದ ಡ್ರಿಪ್ ಹಾಕಿಸಿಕೊಳ್ಳುವವರು ಇದ್ದಾರಲ್ಲ, ಆ ಬೇಡಿಕೆ ಹುಟ್ಟಿದ್ದು ಈ ಹಳೆಯ ಜಾಹೀರಾತುಗಳ ಮಡಿಲಿನಲ್ಲೇ. ಚರ್ಮ ಬೆಳ್ಳಗೆ ಮಾಡುವ ಯಾವ ಇಂಜೆಕ್ಷನ್ನಿಗೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿಲ್ಲ ಅನ್ನುವುದು ಅವನ್ನು ಹಾಕಿಸಿಕೊಳ್ಳುವ ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ.

ಮೊದಲು ಡಾಕ್ಟರ ಬಳಿ ಬರುವವರು ಯಾವುದೋ ನಟಿಯ ಫೋಟೋ ತರುತ್ತಿದ್ದರು. ಈಗ ಫಿಲ್ಟರ್ ಹಾಕಿದ ತಮ್ಮದೇ ಫೋಟೋ ತರುತ್ತಾರೆ. ಸ್ನ್ಯಾಪ್‌ಚಾಟ್ ಅನ್ನುವ ಫೋಟೋ ಆ್ಯಪಿನಿಂದಾಗಿ ಇದಕ್ಕೆ ಸ್ನ್ಯಾಪ್‌ಚಾಟ್ ಡಿಸ್ಮಾರ್ಫಿಯಾ (ತನ್ನ ರೂಪ ಸರಿಯಿಲ್ಲ ಅನ್ನುವ ಗೀಳು) ಅನ್ನುವ ಹೆಸರೂ ಬಂದಿದೆ. ಅಮೆರಿಕದ ಮುಖದ ಪ್ಲಾಸ್ಟಿಕ್ ಸರ್ಜನ್ನರ ಸಂಘ 2017ರಲ್ಲಿ ತನ್ನ ಸದಸ್ಯರನ್ನು ಕೇಳಿದಾಗ 55% ಸರ್ಜನ್ನರು 'ಸೆಲ್ಫಿಯಲ್ಲಿ ಚೆನ್ನಾಗಿ ಕಾಣಬೇಕು' ಅಂತ ಬರುವವರನ್ನು ನೋಡಿದ್ದೇವೆ ಅಂದರು. ನಟಿಯ ಮುಖ ಬೇಕು ಅಂದಾಗ ಅದು ಬೇರೆಯವರ ಮುಖ ಅನ್ನುವ ಅರಿವಾದರೂ ಇರುತ್ತಿತ್ತು. ಫಿಲ್ಟರಿನ ಮುಖ ನನ್ನದೇ, ಸ್ವಲ್ಪ ಸರಿಮಾಡಿದ್ದು ಅಷ್ಟೇ ಅನಿಸುತ್ತದೆ. ಹಾಗಾಗಿ ಅದು ಕೈಗೆ ಎಟಕುವಷ್ಟು ಹತ್ತಿರ ಕಾಣುತ್ತದೆ. ಇದರ ಅಪಾಯ ಕಂಡೇ 2019ರಲ್ಲಿ ಇನ್‌ಸ್ಟಾಗ್ರಾಮ್ ಕಾಸ್ಮೆಟಿಕ್ ಸರ್ಜರಿಯಂತೆ ಕಾಣುವ ಫಿಲ್ಟರುಗಳನ್ನು ತೆಗೆಯುವುದಾಗಿ ಹೇಳಿತು. 2025ರ ಜನವರಿಯಲ್ಲಿ ಹೊರಗಿನವರು ಮಾಡಿದ ಫಿಲ್ಟರುಗಳೆಲ್ಲ ಅಲ್ಲಿಂದ ಹೋದವು. ಆದರೆ ಈಗ ಫೋನಿನ ಕ್ಯಾಮೆರಾದಲ್ಲೇ 'ಬ್ಯೂಟಿ ಮೋಡ್' ಇರುತ್ತದೆ. ಅದು ಆನ್ ಆಗಿರುವುದು ಎಷ್ಟೋ ಸಲ ನಮ್ಮ ಗಮನಕ್ಕೇ ಬಂದಿರುವುದಿಲ್ಲ. ನಿಮ್ಮ ಮಕ್ಕಳ ಫೋನಿನಲ್ಲಿ ಅದನ್ನು ಒಮ್ಮೆ ನೋಡಿ.

ಕೊರತೆ ಸಿಕ್ಕಿತು. ಈಗ ಪರಿಹಾರ ಮಾಮೂಲಾಗುವ ಬಗೆ. ರಾಬರ್ಟ್ ಜಯಾಂಕ್ ಅನ್ನುವ ಮನಃಶಾಸ್ತ್ರಜ್ಞ 1968ರಲ್ಲಿ ತೋರಿಸಿದ್ದು ಇಷ್ಟು: ಒಂದು ವಸ್ತುವನ್ನು ಮತ್ತೆ ಮತ್ತೆ ನೋಡಿದರೆ ಸಾಕು, ಅದರ ಬಗ್ಗೆ ಬೇರೇನೂ ತಿಳಿಯದಿದ್ದರೂ ಅದು ಇಷ್ಟವಾಗತೊಡಗುತ್ತದೆ. ಮೂಗಿನ ಆಪರೇಷನ್ ಅಂದರೆ ಹತ್ತು ವರ್ಷದ ಹಿಂದೆ ಎದೆ ಝಲ್ ಅನ್ನುತ್ತಿತ್ತು. ಈಗ ದಿನಕ್ಕೆ ನಾಲ್ಕು ರೀಲ್ಸಿನಲ್ಲಿ ಅದೇ ಬರುತ್ತದೆ. ಬಿಳಿ ಕೋಟಿನ ಡಾಕ್ಟರು, ಹಿಂದೆ ಹಾಡು, ಎಡಕ್ಕೆ ಮೊದಲಿನ ಫೋಟೋ, ಬಲಕ್ಕೆ ಆಮೇಲಿನದು, ಕೆಳಗೆ ಇಎಂಐ ಸೌಲಭ್ಯ ಇದೆ ಅನ್ನುವ ಸಾಲು. ಮೂವತ್ತು ಸೆಕೆಂಡಿನಲ್ಲಿ ಮುಗಿಯಿತು.

ಆ ಎರಡು ಫೋಟೋಗಳನ್ನು ಸ್ವಲ್ಪ ಹೊತ್ತು ನಿಲ್ಲಿಸಿ ನೋಡುವುದು ಒಳ್ಳೆಯದು. ಮೊದಲಿನದರಲ್ಲಿ ಬೆಳಕು ಮೇಲಿನಿಂದ ಬಿದ್ದಿರುತ್ತದೆ, ಕಣ್ಣ ಕೆಳಗೆ ನೆರಳು, ಗಲ್ಲ ತಗ್ಗಿದೆ, ಮುಖದಲ್ಲಿ ನಗು ಇಲ್ಲ. ಆಮೇಲಿನದರಲ್ಲಿ ಬೆಳಕು ಎದುರಿನಿಂದ, ಗಲ್ಲ ಎತ್ತಿದೆ, ಲಿಪ್‌ಸ್ಟಿಕ್ ಇದೆ, ನಗು ಇದೆ. ಕತ್ತಿ ಮುಟ್ಟಿಸದೆಯೂ ಇಷ್ಟು ವ್ಯತ್ಯಾಸ ತರಬಹುದು. ಇನ್ನು ಎರಡೂ ಫೋಟೋಗಳ ನಡುವಿನ ಕಾಲ ಎಲ್ಲಿ ಹೋಯಿತು? ಮೂಗಿನ ಆಪರೇಷನ್ ಆದರೆ ಕಣ್ಣ ಸುತ್ತ ನೀಲಿಗಟ್ಟುತ್ತದೆ, ಬಾವು ಬರುತ್ತದೆ. ಅದು ಮೇಲ್ನೋಟಕ್ಕೆ ಇಳಿಯಲು ಎರಡು ವಾರ ಬೇಕಾದರೂ ಮೂಗಿನ ಕೊನೆಯ ಆಕಾರ ಕಾಣಲು ಸುಮಾರು ಒಂದು ವರ್ಷ ಹಿಡಿಯುತ್ತದೆ. ಕೂದಲು ನಾಟಿ ಮಾಡಿಸಿದರೆ ನೆಟ್ಟ ಕೂದಲಿನಲ್ಲಿ ಬಹಳಷ್ಟು ಮೊದಲ ಕೆಲವು ವಾರಗಳಲ್ಲಿ ಉದುರುತ್ತದೆ, ಆಮೇಲೆ ಮತ್ತೆ ಬರುತ್ತದೆ. ಫಲ ನೋಡಲು ಆರರಿಂದ ಹನ್ನೆರಡು ತಿಂಗಳು. ಅಷ್ಟರಲ್ಲಿ ಉಳಿದ ಹಳೆಯ ಕೂದಲು ಉದುರುವುದು ನಿಲ್ಲುವುದಿಲ್ಲ, ಅದಕ್ಕೆ ಔಷಧ ಬೇರೆ. ಬೊಟಾಕ್ಸ್ ಪರಿಣಾಮ ಮೂರು ನಾಲ್ಕು ತಿಂಗಳು ಅಷ್ಟೇ, ಬೇಕೆಂದರೆ ಮತ್ತೆ ಹಾಕಿಸಬೇಕು, ಮತ್ತೆ ದುಡ್ಡು. ಫಿಲ್ಲರ್ ಅಪ್ಪಿತಪ್ಪಿ ರಕ್ತನಾಳಕ್ಕೆ ಹೋದರೆ ಆ ಭಾಗದ ಚರ್ಮ ಸಾಯಬಹುದು, ಅಪರೂಪಕ್ಕೆ ಕಣ್ಣೂ ಹೋಗಬಹುದು. ಲೈಪೋಸಕ್ಷನ್, ಅಂದರೆ ಕೊಬ್ಬನ್ನು ಹೀರಿ ತೆಗೆಯುವುದು, ತೂಕ ಇಳಿಸುವ ಚಿಕಿತ್ಸೆಯೇ ಅಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಲು ಹೋದ 21 ವರ್ಷದ ಕಿರುತೆರೆ ನಟಿಯೊಬ್ಬರು ತೀರಿಕೊಂಡದ್ದು ನಾಡಿಗೆಲ್ಲ ಗೊತ್ತಾದ ಸುದ್ದಿ. ಆಗ ಟಿವಿಗಳು ಎರಡು ದಿನ ಅದನ್ನೇ ಮಾತಾಡಿದವು. ಚೆನ್ನಾಗಿ ಆದವರು ವಿಡಿಯೋ ಹಾಕುತ್ತಾರೆ, ಕೆಟ್ಟದಾಗಿ ಆದವರು ಮನೆಯಲ್ಲಿ ಕೂರುತ್ತಾರೆ. ಹಾಗಾಗಿ ನಮ್ಮ ಕಣ್ಣಿಗೆ ಬೀಳುವ ಲೆಕ್ಕವೇ ಒಂದು ಕಡೆ ವಾಲಿರುತ್ತದೆ.

ಇಲ್ಲಿ ಒಂದು ಗಂಟು ಬಿಡಿಸಬೇಕು. ಸೋಷಿಯಲ್ ಮೀಡಿಯಾ ಜಾಸ್ತಿ ನೋಡುವವರಲ್ಲಿ, ಫೋಟೋ ತಿದ್ದುವ ಆ್ಯಪ್ ಬಳಸುವವರಲ್ಲಿ ಕಾಸ್ಮೆಟಿಕ್ ಸರ್ಜರಿ ಬಗ್ಗೆ ಒಲವು ಜಾಸ್ತಿ ಅಂತ ಸಮೀಕ್ಷೆಗಳು ಹೇಳುತ್ತವೆ. ಆದರೆ ನೋಡಿದ್ದಕ್ಕೆ ಆಸೆ ಬಂತೋ, ಆಸೆ ಇದ್ದದ್ದಕ್ಕೆ ನೋಡಿದರೋ? ನನಗನಿಸುವುದು ಎರಡೂ ನಿಜ, ಒಂದು ಇನ್ನೊಂದನ್ನು ಬೆಳೆಸುತ್ತದೆ. ಬಾಗಲಕೋಟೆಯ ನವನಗರದಲ್ಲಿ ಕೂತ ಹುಡುಗನೊಬ್ಬ ಒಂದು ರಾತ್ರಿ ಬೇಸರದಲ್ಲಿ 'ಕೂದಲು ಉದುರುವುದು' ಅಂತ ಹುಡುಕುತ್ತಾನೆ. ಒಂದು ವಿಡಿಯೋ ಪೂರ್ತಿ ನೋಡುತ್ತಾನೆ. ಆ್ಯಪಿಗೆ ಅಷ್ಟು ಸಾಕು. ಮರುದಿನ ಅಂಥವೇ ಹತ್ತು. ವಾರದಲ್ಲಿ ಅವನ ಫೋನಿನ ತುಂಬ ತಲೆಗಳೇ. ಅವನಿಗೆ ಇಡೀ ಜಗತ್ತು ಕೂದಲಿನ ಬಗ್ಗೆಯೇ ಮಾತಾಡುತ್ತಿದೆ ಅನಿಸುತ್ತದೆ. ಪಕ್ಕದಲ್ಲೇ ಮಲಗಿದ ತಮ್ಮನ ಫೋನಿನಲ್ಲಿ ಬರೀ ಕ್ರಿಕೆಟ್ ಇರುತ್ತದೆ. ಹೀಗೆ ಒಂದು ಸಣ್ಣ ಅಳುಕು ದೊಡ್ಡದಾಗುವುದು ಕಂಪನಿಗಳಿಗೂ ಗೊತ್ತು. 2021ರಲ್ಲಿ ಫ್ರಾನ್ಸೆಸ್ ಹಾಗನ್ ಅನ್ನುವ ಉದ್ಯೋಗಿ ಹೊರಗೆ ತಂದ, ಇನ್‌ಸ್ಟಾಗ್ರಾಮಿನ ಒಡೆತನ ಇರುವ ಫೇಸ್‌ಬುಕ್ ಕಂಪನಿಯ ಒಳಗಿನ ಕಾಗದಗಳಲ್ಲೇ, ಮೈಯ ಬಗ್ಗೆ ಕೀಳರಿಮೆ ಇರುವ ಹದಿಹರೆಯದ ಹುಡುಗಿಯರಲ್ಲಿ ಮೂವರಲ್ಲಿ ಒಬ್ಬರಿಗೆ ಇನ್‌ಸ್ಟಾಗ್ರಾಮ್ ಅದನ್ನು ಇನ್ನೂ ಹೆಚ್ಚಿಸುತ್ತಿದೆ ಅನ್ನುವ ಮಾತಿತ್ತು.

ಹಾಗಂತ ಪ್ಲಾಸ್ಟಿಕ್ ಸರ್ಜರಿಯನ್ನೇ ದೂರುವುದು ಅನ್ಯಾಯ. ಆ ವಿದ್ಯೆಗೂ ನಮ್ಮ ನಾಡಿಗೂ ಹಳೆಯ ನಂಟಿದೆ, ಅದರಲ್ಲೂ ಮಾಧ್ಯಮದ ಪಾತ್ರವೇ ದೊಡ್ಡದು. ಟಿಪ್ಪುವಿನ ಮೇಲಿನ 1792ರ ಯುದ್ಧದಲ್ಲಿ ಇಂಗ್ಲಿಷರ ಸೇನೆಯ ಕೋವಾಸ್ಜಿ ಅನ್ನುವ ಎತ್ತಿನ ಬಂಡಿಯವನು ಸೆರೆ ಸಿಕ್ಕಿ ಮೂಗು ಕಳೆದುಕೊಂಡ. ಹಣೆಯ ಚರ್ಮವನ್ನು ಕೆಳಕ್ಕೆ ಮಡಚಿ ಅವನಿಗೆ ಹೊಸ ಮೂಗು ಕಟ್ಟಿಕೊಟ್ಟದ್ದು ಪುಣೆ ಕಡೆಯ ದೇಶಿ ವೈದ್ಯನೊಬ್ಬ. ಸುಶ್ರುತನ ಕಾಲದಿಂದ ಹರಿದು ಬಂದ ವಿದ್ಯೆ ಅದು. 1794ರಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜಿನ್ ಈ ಕಥೆಯನ್ನು ಚಿತ್ರದ ಸಮೇತ ಅಚ್ಚು ಹಾಕಿತು. ಅದರಿಂದ ಪ್ರೇರಣೆ ಪಡೆದ ಜೋಸೆಫ್ ಕಾರ್ಪ್ಯೂ ಅನ್ನುವ ಸರ್ಜನ್ 1814ರಲ್ಲಿ ಇಂಗ್ಲೆಂಡಿನಲ್ಲಿ ಅದೇ ಆಪರೇಷನ್ ಮಾಡಿದ. ಒಂದು ಪತ್ರಿಕೆಯ ಚಿತ್ರದಿಂದ ಎಷ್ಟೋ ಜನರಿಗೆ ಮುಖ ಸಿಕ್ಕಿತು.

ಇವತ್ತೂ ಅಷ್ಟೇ. ನಮ್ಮ ಹಳ್ಳಿಗಳಲ್ಲಿ ಮಗುವಿಗೆ ಸೀಳುತುಟಿ ಇದ್ದರೆ 'ಬಸುರಿ ಗ್ರಹಣದಲ್ಲಿ ಹೊರಗೆ ಬಂದಿದ್ದಳು' ಅಂತ ತಾಯಿಯ ಮೇಲೆ ಹಾಕುತ್ತಿದ್ದರು. ಅದಕ್ಕೂ ಗ್ರಹಣಕ್ಕೂ ಸಂಬಂಧ ಇಲ್ಲ, ಆಪರೇಷನ್ನಿನಿಂದ ಸರಿಹೋಗುತ್ತದೆ, ಉಚಿತವಾಗಿ ಮಾಡುವವರೂ ಇದ್ದಾರೆ ಅಂತ ಮನೆಮನೆಗೆ ಮುಟ್ಟಿಸಿದ್ದು ರೇಡಿಯೋ, ಪತ್ರಿಕೆ, ಟಿವಿ. ಸುಟ್ಟ ಗಾಯದಿಂದ ಕುತ್ತಿಗೆ ಅಂಟಿಕೊಂಡವರು, ಅಪಘಾತದಲ್ಲಿ ದವಡೆ ಒಡೆದವರು, ಎದೆ ಉಬ್ಬಿದ್ದಕ್ಕೆ ಶಾಲೆಯಲ್ಲಿ ಅಂಗಿ ಬಿಚ್ಚಲು ಹೆದರುವ ಹುಡುಗರು, ಇವರಿಗೆಲ್ಲ ಸರಿಯಾದ ಮಾಹಿತಿ ಸಿಕ್ಕರೆ ಬದುಕೇ ಬದಲಾಗುತ್ತದೆ. ಸೌಂದರ್ಯಕ್ಕಾಗಿಯೇ ಮಾಡಿಸಿಕೊಂಡು ವರ್ಷಗಳ ನಂತರವೂ ಖುಷಿಯಾಗಿರುವವರು ಇದ್ದಾರೆ. ಅವರನ್ನು ಆಡಿಕೊಳ್ಳುವುದು ತಪ್ಪು.

ಕಾನೂನು ಏನು ಮಾಡುತ್ತಿದೆ? ನಾರ್ವೆಯಲ್ಲಿ ಮೈ ಅಳತೆ ತಿದ್ದಿದ ಜಾಹೀರಾತಿನ ಫೋಟೋಗೆ 2022ರಿಂದ ಗುರುತು ಹಾಕಲೇಬೇಕು. ಫ್ರಾನ್ಸ್ 2023ರಲ್ಲಿ ಇನ್‌ಫ್ಲುಯೆನ್ಸರ್‌ಗಳು ಕಾಸ್ಮೆಟಿಕ್ ಸರ್ಜರಿಯನ್ನು ಪ್ರಚಾರ ಮಾಡುವುದನ್ನೇ ನಿಷೇಧಿಸಿತು. ನಮ್ಮಲ್ಲಿ 2002ರ ವೈದ್ಯಕೀಯ ನಡವಳಿಕೆ ನಿಯಮಗಳ ಪ್ರಕಾರ ಡಾಕ್ಟರು ಜಾಹೀರಾತು ಕೊಟ್ಟು ರೋಗಿಗಳನ್ನು ಸೆಳೆಯುವಂತಿಲ್ಲ. ದುಡ್ಡು ಅಥವಾ ಉಚಿತ ಸೇವೆ ಪಡೆದು ಪ್ರಚಾರ ಮಾಡುವ ಇನ್‌ಫ್ಲುಯೆನ್ಸರ್ ಅದನ್ನು ಹೇಳಲೇಬೇಕು ಅಂತ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ನಿಯಮ ಮಾಡಿತು. ರೀಲ್ಸ್ ನೋಡುವಾಗ ಈ ಗುರುತು ಇದೆಯಾ ಅಂತ ಹುಡುಕಿ ನೋಡಿ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಇನ್ನೊಂದು ಸ್ಪಷ್ಟ ಮಾತು ಹೇಳಿತು: ಯೂಟ್ಯೂಬ್ ನೋಡಿಯೋ ವರ್ಕ್‌ಶಾಪಿನಲ್ಲಿ ನೋಡಿಯೋ ಕಲಿತದ್ದು ಕೂದಲು ನಾಟಿಗೆ ಸಾಕಾಗುವ ತರಬೇತಿ ಅಲ್ಲ. ಹೀಗೆ ಬರೆದು ಹೇಳಬೇಕಾಗಿ ಬಂತು ಅಂದರೆ ಪರಿಸ್ಥಿತಿ ಎಲ್ಲಿಗೆ ಮುಟ್ಟಿತ್ತು ನೋಡಿ.

ನಿಮಗೋ ನಿಮ್ಮ ಮನೆಯವರಿಗೋ ಇಂಥ ಯೋಚನೆ ಇದ್ದರೆ, ದಯವಿಟ್ಟು ಮೊದಲು ಒಂದು ತಿಂಗಳು ಅದಕ್ಕೆ ಸಂಬಂಧಿಸಿದ ಅಕೌಂಟುಗಳನ್ನು ಅನ್‌ಫಾಲೋ ಮಾಡಿ, ವಿಡಿಯೋ ಬಂದರೆ 'ಆಸಕ್ತಿ ಇಲ್ಲ' ಒತ್ತಿ. ಆಮೇಲೂ ಆಸೆ ಅಷ್ಟೇ ಗಟ್ಟಿಯಾಗಿದ್ದರೆ ಅದು ಬಹುಶಃ ನಿಮ್ಮದೇ. ಆಗ ಡಾಕ್ಟರ ಓದು ವಿಚಾರಿಸಿ. ಪ್ಲಾಸ್ಟಿಕ್ ಸರ್ಜನ್ ಆದರೆ ಎಂ.ಸಿಎಚ್. ಅಥವಾ ಅದಕ್ಕೆ ಸಮನಾದ ಡಿಎನ್‌ಬಿ ಪದವಿ (ಸರ್ಜರಿಯಲ್ಲಿ ಮುಂದಿನ ಹಂತದ ಓದು) ಇರಬೇಕು, ಅವರ ನೋಂದಣಿ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲೋ ಬೇರೆ ರಾಜ್ಯದ ಪರಿಷತ್ತಿನಲ್ಲೋ ಇರಬೇಕು. ಕ್ಲಿನಿಕ್ಕಿಗೆ ಕೆಪಿಎಂಇ (ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳಿಗಾಗಿ ಇರುವ ಕರ್ನಾಟಕದ ಕಾಯ್ದೆ) ನೋಂದಣಿ ಪತ್ರ ಇದೆಯಾ ಅಂತ ಕೇಳಿ. ಕೇಳಿದ್ದಕ್ಕೆ ಸಿಟ್ಟಾದರೆ ಅಲ್ಲಿಂದ ಎದ್ದು ಬನ್ನಿ. ಅರಿವಳಿಕೆ ಕೊಡುವವರು ಯಾರು, ಏನಾದರೂ ಕೈಮೀರಿದರೆ ಐಸಿಯು ಎಲ್ಲಿದೆ ಅಂತಲೂ ಕೇಳಿ. ಆರು ತಿಂಗಳ ನಂತರದ, ಒಂದು ವರ್ಷದ ನಂತರದ ಫೋಟೋ ತೋರಿಸಲು ಹೇಳಿ. 'ಇವತ್ತೇ ಬುಕ್ ಮಾಡಿದರೆ ರಿಯಾಯಿತಿ' ಅನ್ನುವ ಮಾತು ಬಂದರೆ ಅವತ್ತು ಮಾತ್ರ ಬುಕ್ ಮಾಡಬೇಡಿ.

ಇನ್ನೊಂದು ಗುಂಪಿನ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಬೇರೆಯವರ ಕಣ್ಣಿಗೆ ಕಾಣದ, ಅಥವಾ ತೀರಾ ಸಣ್ಣ ದೋಷದ ಬಗ್ಗೆ ದಿನಕ್ಕೆ ಗಂಟೆಗಟ್ಟಲೆ ಕೊರಗುವುದು, ಮತ್ತೆ ಮತ್ತೆ ಕನ್ನಡಿ ನೋಡುವುದು ಅಥವಾ ಕನ್ನಡಿಯನ್ನೇ ತಪ್ಪಿಸುವುದು, ಮದುವೆ ಮುಂಜಿಗೆ ಹೋಗದೆ ಬಾಗಿಲು ಹಾಕಿಕೊಳ್ಳುವುದು. ಇದು ಜಂಭವೂ ಅಲ್ಲ, ನಾಟಕವೂ ಅಲ್ಲ. ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಅನ್ನುವ ಕಾಯಿಲೆ. ನೂರಕ್ಕೆ ಸುಮಾರು ಇಬ್ಬರಿಗೆ ಇರುತ್ತದೆ. ಕಾಸ್ಮೆಟಿಕ್ ಸರ್ಜರಿ ಕೇಳಿಕೊಂಡು ಬರುವವರಲ್ಲಿ ಇನ್ನೂ ಹೆಚ್ಚು. ಇಂಥವರಿಗೆ ಆಪರೇಷನ್ನಿನಿಂದ ಸಾಮಾನ್ಯವಾಗಿ ಸಮಾಧಾನ ಆಗುವುದಿಲ್ಲ, ಮೂಗಿನ ಕೊರಗು ಗಲ್ಲಕ್ಕೆ ಹೋಗುತ್ತದೆ, ಗಲ್ಲದಿಂದ ಚರ್ಮಕ್ಕೆ. ಔಷಧ ಮತ್ತು ಮಾತಿನ ಚಿಕಿತ್ಸೆಯಿಂದ ಇದು ಕಡಿಮೆ ಆಗುತ್ತದೆ. ನಮ್ಮ ಕಡೆಯವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಅಲ್ಲಿಗೆ ಹೋಗಲು ಸಂಕೋಚ ಅನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.